ಹತ್ತು ಬೆರಳಿನ ಅರ್ಜಿ

ಮಾರ್ಚ್ ೧೪

ನನ್ನ ಮುದ್ದಿನ ತಂಗಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಫೋನ್ ಮಾಡಿದರೆ ನಾನೂ ಅಳುತ್ತೇನೆ, ನೀನೂ ಅಳುತ್ತೀಯ, ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಪತ್ರ.

"ಅಕ್ಕಾ, ನೀನು ಅದೇ ಆಫೀಸಲ್ಲಿದೀಯ, ನಿನ್ನ ಮಗಳ ಫೈಲ್ ಒಂದನ್ನ ಮುಂದೆ ತಳ್ಳಕ್ಕಾಗಲ್ವಾ?" ಎಂದು ಕೇಳಿದ್ದೀಯ. ಅಯ್ಯೋ ಹುಚ್ಚಿ, ನಾನು ಅಲ್ಲಿರುವುದು ಬೆರಳು ಹಿಡಿಯುವುದಕ್ಕೆ. ವಲಸೆ ಅರ್ಜಿ ಹಾಕಿದವರ ಹತ್ತು ಬೆರಳನ್ನೂ ಗಾಜಿನ ಮೇಲೆ ಹೊರಳಿಸುತ್ತೇನೆ, ಗಾಜು ಒರೆಸುತ್ತೇನೆ, ಮುಂದಿನವರನ್ನು ಕರೆಯುತ್ತೇನೆ. "ಕೈ ಸಡಿಲ ಬಿಡಿ" ಅಂದರೆ ಎಲ್ಲರೂ ಇನ್ನಷ್ಟು ಬಿಗಿ ಹಿಡಿಯುತ್ತಾರೆ. ನಿನ್ನೆ ಒಬ್ಬ ಬಡಗಿ, "ಮೇಡಂ, ನನ್ ಕೈಗೆ ಸಡಿಲ ಬಿಡೋದೇ ಗೊತ್ತಿಲ್ಲ" ಎಂದು ನಕ್ಕ. ಪಾಪ, ಅವನು ಬಂದಿದ್ದು ಮೂರನೇ ಸಲ.

ಬೆರಳಚ್ಚಿಗೆ ಇಲ್ಲಿ ಹದಿನೈದು ತಿಂಗಳಷ್ಟೇ ಆಯುಸ್ಸು. ಅಷ್ಟರೊಳಗೆ ಫೈಲ್ ಯಾರೂ ನೋಡದಿದ್ದರೆ ಮತ್ತೆ ಕೊಡಬೇಕು. ಸರ್ಕಾರ ಅನುದಾನ ಅರ್ಧ ಮಾಡಿದ ಮೇಲೆ ನಮ್ಮ ಆರು ಯಂತ್ರಗಳಲ್ಲಿ ನಾಲ್ಕಕ್ಕೆ ಬಟ್ಟೆ ಹೊದಿಸಿದ್ದಾರೆ, ಫೈಲ್ ನೋಡುವವರನ್ನೂ ಕಡಿಮೆ ಮಾಡಿದ್ದಾರೆ. ಸರದಿ ಈಗ ಮೂರು ವರ್ಷ. ನಾನೂ ಅರ್ಜಿ ಹಾಕಿದವಳೇ ಅಲ್ಲವೇ, ನನ್ನ ಅಚ್ಚೇ ಎರಡು ಸಲ ರದ್ದಾಯಿತು. "ಬೆರಳು ಅದೇ ಅಲ್ವಾ ಸಾರ್, ಹೊಸದಾಗಿ ಬೆಳೆಯುತ್ತಾ?" ಎಂದು ಮೇಲ್ವಿಚಾರಕರನ್ನು ಕೇಳಿದೆ. "ನಂಗೂ ಗೊತ್ತಮ್ಮ, ಏನ್ಮಾಡ್ಲಿ?" ಅಂದರು. ಒಳ್ಳೆಯ ಮನುಷ್ಯ. ಅವರ ಕೆಲಸವೂ ಈ ತಿಂಗಳಿಗೆ ಮುಗಿಯುತ್ತದೆ.

ಇದರ ನಡುವೆ ನಮ್ಮ ಪಿಟೀಲು ಹದಿನಾಲ್ಕು ದಾಟಿಬಿಟ್ಟಳು. ಹಗಲೆಲ್ಲ ಕುಂಯ್ ಕುಂಯ್ ಅನ್ನುತ್ತಾಳೆಂದು ನೀನೇ ಅಲ್ಲವೇ ನನ್ನ ಮಗಳಿಗೆ ಆ ಹೆಸರಿಟ್ಟಿದ್ದು? ಐದು ವರ್ಷದವಳನ್ನು ನಿನ್ನ ಮಡಿಲಲ್ಲಿ ಬಿಟ್ಟು ಬಂದೆ. ಹದಿನಾಲ್ಕರವರೆಗೆ ನನ್ನ ಬೆರಳೇ ಅವಳಿಗೂ ಸಾಕಿತ್ತು. ಈಗ ಈ ದೇಶದವರು ನಿಮ್ಮೂರಿನಲ್ಲಿ ನಡೆಸುವ ಕೇಂದ್ರಕ್ಕೆ ಅವಳೇ ಹೋಗಿ ಕೊಡಬೇಕು. ಸರದಿ ಸರಿಯಾಗಿ ನಡೆದಿದ್ದರೆ ಹನ್ನೆರಡು ತುಂಬುವಷ್ಟರಲ್ಲಿ ನನ್ನ ಹತ್ತಿರ ಇರುತ್ತಿದ್ದಳು. ಯಾರ ಮೇಲೆ ಕೂಗಾಡಲಿ, ಹೇಳು?

"ಕರ್ಕೊಂಡು ಹೋಗಿದ್ದೆ ಅಕ್ಕಾ, ಮಿಷನ್ ಕೆಟ್ಟಿತ್ತು, ವಾಪಸ್ ಕಳಿಸಿದ್ರು" ಎಂದು ಬರೆದಿದ್ದೀಯ. ಯಂತ್ರಗಳ ಹಣೆಬರಹ ನನಗೆ ಗೊತ್ತಿಲ್ಲವೇ? ಆದರೆ ಅನುದಾನವಿಲ್ಲದೆ ನಿಮ್ಮ ಕೇಂದ್ರವೂ ಮೂವತ್ತೊಂದಕ್ಕೆ ಮುಚ್ಚುತ್ತದೆ. ಅಷ್ಟರೊಳಗೆ ಅಚ್ಚು ಸೇರದಿದ್ದರೆ ನನ್ನ ಅರ್ಜಿಯಿಂದ ಅವಳ ಹೆಸರು ತೆಗೆದುಹಾಕುತ್ತಾರೆ. ಆಮೇಲೆ ಏನು ಮಾಡಬೇಕೋ ನನಗೆ ತೋಚುತ್ತಿಲ್ಲ.

ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಿ ಇಳಿದು ಮಾಡಬೇಡ. ಅವಳ ಕನ್ನಡಕ ಬದಲಾಯಿಸಿದೆಯಾ? ಇಬ್ಬರೂ ನೂರು ಕಾಲ ನಗುನಗುತ್ತಾ ಇರಿ.

ನಿನ್ನ
ಅಕ್ಕ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ, ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ನಮ್ಮವರ ಫೈಲ್ ನಾವು ತೆರೆಯಬಾರದೆಂಬ ನಿಯಮವಿದೆ. ನಿನ್ನ ಪತ್ರ ಬಂದ ದಿನ ಅದನ್ನು ಮುರಿದು ಮಗಳ ಫೈಲ್ ತೆರೆದೆ. ಅಚ್ಚು ಸಿಗದಿದ್ದರೆ ಕಾರಣ ಬರೆಯಲು ಒಂದು ಕಾಲಂ ಇದೆ. ಯಂತ್ರ ಕೆಟ್ಟಿತ್ತು ಎಂದು ಅದರಲ್ಲಿ ಇರಲಿಲ್ಲ. "ಬೆರಳು ಕೊಡಲು ಅರ್ಜಿದಾರಳು ಒಪ್ಪಲಿಲ್ಲ. ಚಿಕ್ಕಮ್ಮನನ್ನು ಬಿಟ್ಟು ಹೋಗುವುದಿಲ್ಲ ಎಂದಳು" ಎಂದಿತ್ತು. ಅವಳಿಗೆ ಬೈಯಬೇಡ. ಇನ್ನೊಂದು ಸಲ ಕರೆದುಕೊಂಡು ಹೋಗು ಎಂದು ನಿನಗೆ ಹೇಳಬೇಕು. ಇಪ್ಪತ್ತು ದಿನದಿಂದ ಆ ಒಂದು ಸಾಲು ಬರೆಯಲು ನನ್ನಿಂದ ಆಗುತ್ತಿಲ್ಲ.