ಪರದೆಯ ಹಗ್ಗ ಹಿಡಿದ ಕೈ

ಅಪ್ಪಾ,

ಕೇಳು! ನೀನು ತೀರಿಹೋಗಿ ಒಂಬತ್ತು ವರ್ಷದ ಮೇಲೆ ನಿನ್ನ ಮಗ ರಂಗದ ಮೇಲೆ ಮಾತು ಮರೆತ. ನಿನ್ನೆ ನಾಟಕದ ನಡುವೆ ಎದೆ ಡವಗುಟ್ಟಿ, ಅಂಗೈ ಬೆವೆತು, ರಾಜನ ಗರ್ಜನೆ ಗಂಟಲಲ್ಲೇ ಸಿಕ್ಕಿಕೊಂಡಿತು. ಹೃದಯಾಘಾತವೆಂದು ನಾನೇ ಘೋಷಿಸಿಬಿಟ್ಟೆ.

ಇಂದು ಡಾಕ್ಟರಮ್ಮ ನಕ್ಕರು. "ಹಾರ್ಟು ಗಟ್ಟಿಯಾಗಿದೆ, ಮಹಾರಾಜರೇ. ಇದು ಆತಂಕ. ಈ ಹಾಳೆ ತುಂಬ್ಸಿ. ಡೈಲಾಗ್ ಬೇಡ, ನಿಜ ಬರೀರಿ."

ಏಳು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಕೈ ನಡುಗುತ್ತದೆಯೇ? ಎರಡು. ಏನೋ ಕೆಟ್ಟದ್ದು ಆಗಲಿದೆ ಎನಿಸುತ್ತದೆಯೇ? ಮೂರು. ಒಟ್ಟು ಹದಿಮೂರು. "ಮಧ್ಯಮ" ಎಂದರು. ನಟನಿಗೆ ಅಂಥ ವಿಮರ್ಶೆ ಹೊಸದಲ್ಲ.

"ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?"

ಪ್ರತಿ ಪ್ರವೇಶಕ್ಕೂ ಮುನ್ನ ನೀನು ಪರದೆಯ ಹಗ್ಗವನ್ನು ಬಿಗಿಯಾಗಿ ಹಿಡಿದು ನಡುಗುತ್ತಿದ್ದೆ. ನಾನು ಆ ನಡುಕವನ್ನೇ ನಮ್ಮ ನಾಟಕ ಕಂಪನಿಯವರೆದುರು ಅಭಿನಯಿಸುತ್ತಿದ್ದೆ. "ನಮ್ಮಪ್ಪ ಇವತ್ತೂ ಕುಡ್ಕೊಂಡೇ ಬಂದಿದಾನೆ, ನೋಡ್ರಪ್ಪೋ!" ಎಲ್ಲರೂ ನಗುತ್ತಿದ್ದರು. ನೀನೂ ನಗುತ್ತಿದ್ದೆ.

ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡೆ. ನಿನ್ನ ಪರವಾಗಿ ತುಂಬಿದೆ. ಏಳಕ್ಕೆ ಏಳೂ ಮೂರು.

ಒಂದೇ ಒಂದು ಪ್ರವೇಶವನ್ನಾದರೂ ನೀನು ತಪ್ಪಿಸಿದ್ದು ನನಗೆ ನೆನಪಿಲ್ಲ.