ಹೆಬ್ಬೆರಳಿನ ಬಸ್ಸು

ಅಪ್ಪಾ,

ಮೂರು ಸಲ ಕರದೆ. "ಗಾಡಿ ನಡದೈತಿ, ಕಂಡಕ್ಟರ್ ಜೋಡಿ ಮಾತಾಡಬ್ಯಾಡ" ಅಂದಿ. ಅದಕ್ಕ ಈ ಚೀಟಿ ನಿನ್ನ ಚಾದ ಕಪ್ಪಿನ ಕೆಳಗ ಇಟ್ಟೇನಿ.

ನೀ ಹೆಬ್ಬೆರಳಿಲೆ ಸರಸಕೋತ ಕುಂತಿರೋ ಆ ವೆಬ್‌ಸೈಟ್ ದಿನಾ ಮೊಬೈಲ್ ಉಜ್ಜೋರಿಗೆ ಚಾಷ್ಟಿ ಮಾಡಾಕ ಮಾಡಿದ್ದು. ಎಷ್ಟು ಸರಸಿದ್ರೂ ಅದಕ್ಕ ತಳಾನ ಇಲ್ಲ. "ನಿಮ್ಮ ಹೆಬ್ಬೆರಳು ಇಷ್ಟು ಮೀಟರ್ ನಡೀತು" ಅಂತ ಅದು ನಕ್ಕರ, ನೀ ರಿಟೈರ್ ಆದ ಕಂಡಕ್ಟರ್, ಆ ಮೀಟರ್ ಲೆಕ್ಕದಾಗ ಇಲಕಲ್ಲಿಗೆ ಟ್ರಿಪ್ ಹೊಂಡಿಸಿ ಕುಂತಿ! ಎಂಟು ದಿನಾ ಆತು, ಇನ್ನೂ ನಮ್ಮೂರ ವಿದ್ಯಾಗಿರಿ ದಾಟಿಲ್ಲ. ನೀ ನಡುದಾರಿ ಅಮೀನಗಡ ಮುಟ್ಟೋದ್ರಾಗ ತಂಗಿ ರಾಧಿಕಾನ ಹೊಟ್ಯಾಗಿನ ಕೂಸು ಸಾಲಿಗೆ ಹೊಂಟಿರ್ತೈತಿ.

ಇವತ್ತ ಇಲಕಲ್‌ದಾಗ ಆಕಿ ಕುಬಸ. ಅಪ್ಪ ಬರೂತನಕಾ ಆರತಿಗೆ ಕುಂಡ್ರಂಗಿಲ್ಲ ಅಂತ ಹಟಾ ಹಿಡದಾಳ. ನಾ ಬುತ್ತಿ ತಗೊಂಡು ಮುಂದ ಹೋಗ್ತೇನಿ.

ರೊಟ್ಟಿ ಬುಟ್ಟ್ಯಾಗ ಅದಾವು. ಎಡಗೈಲೆ ಉಣ್ಣಬ್ಯಾಡ, ಮೊಬೈಲ್ ಕೆಳಗಿಡು. ಇಸ್ತ್ರಿ ಮಾಡಿದ ಧೋತ್ರ ಕುರ್ಚಿ ಮ್ಯಾಲೈತಿ. ಹತ್ತೂವರಿ ಇಲಕಲ್ ಬಸ್ಸು ಖರೇ ಬಸ್ಸು, ಅದಕ್ಕ ಗಾಲಿ ಅದಾವು.

ನಡುದಾರ್ಯಾಗ ಕಂಡಕ್ಟರ್ ಇಳ್ಯಂಗಿಲ್ಲ ಅಂತಿ, ಹೌದಲ್ಲ? ಸೀಟಿ ಹೊಡೀದಿದ್ರ ಗಾಡಿ ಮುಂದ ಹೋಗಂಗಿಲ್ಲ ಅಂತ ಹೇಳಿದಾಂವನೂ ನೀನ. ನಿನ್ನ ಸೀಟಿ ನನ್ನ ಚೀಲದಾಗೈತಿ. ಬೇಕಂದ್ರ ಇಲಕಲ್ಲಿಗೆ ಬಾ.

ಮಂಗಲಾ