ಗಂಟಲು ಅಕ್ಕನದು, ದನಿ ಕಂಪನಿಯದು

ಪ್ರಸಾರ ಪ್ರಾಧಿಕಾರದ ಅಧ್ಯಕ್ಷರಿಗೆ,

ಮಾನ್ಯರೇ, ನನ್ನ ಅಕ್ಕನ ದನಿಗೆ ನೀವು ಬೀಗ ಹಾಕಿಸಿದ್ದೀರಿ. ಅದನ್ನು ಬಿಡಿಸಿಕೊಡಿ. ಗುಟ್ಟಾಗಿ ಬರೆದ ಮನವಿಗಳೆಲ್ಲ ನಿಮ್ಮ ಕಚೇರಿಯಲ್ಲಿ ನಿದ್ದೆ ಮಾಡುತ್ತಿರುವುದರಿಂದ ಇದನ್ನು ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ಅಕ್ಕ ಡಬ್ಬಿಂಗ್ ಕಲಾವಿದೆ. ಧಾರಾವಾಹಿಗಳಲ್ಲಿ ಚೆಂದದ ಹುಡುಗಿಯರು ತುಟಿ ಅಲ್ಲಾಡಿಸಿದರು. ಅತ್ತವಳು, ನಕ್ಕವಳು, ಅತ್ತೆಗೆ ಎದುರುತ್ತರ ಕೊಟ್ಟವಳು ಇವಳು. ನಿಮ್ಮ ಮನೆಯವರೂ ಕೇಳಿ ಕಣ್ಣೊರೆಸಿಕೊಂಡಿರಬೇಕು. ಹೋದ ವರ್ಷ ಗಂಟಲಿಗೆ ಕ್ಯಾನ್ಸರ್ ಬಂದು ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಟೈಪ್ ಮಾಡಿದ್ದನ್ನು ಓದಿ ಹೇಳುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟರು. ಹಳೆಯ ದನಿಯ ಒಳ್ಳೆಯ ರೆಕಾರ್ಡಿಂಗ್ ಸಿಕ್ಕರೆ ಅದು ಅದೇ ದನಿಯಲ್ಲಿ ಮಾತಾಡುತ್ತದಂತೆ. ಸದ್ಯಕ್ಕೆ ಲಿಫ್ಟಿನಲ್ಲಿ ಮಹಡಿ ಹೇಳುವ ಹೆಂಗಸಿನಂತೆ ಮಾತಾಡುತ್ತದೆ. ಅದು ಬಾಯಿ ತೆರೆದರೆ ಅಕ್ಕನ ಮೊಮ್ಮಗಳು ಅವಳ ತೊಡೆಯಿಂದ ಇಳಿದು ಹೋಗುತ್ತಾಳೆ. ಅಕ್ಕ ಯಂತ್ರವನ್ನು ಬೀರುವಿಗೆ ಸೇರಿಸಿದ್ದಾಳೆ.

ಅಕ್ಕನ ಧಾರಾವಾಹಿ ದಿನಾ ಮಧ್ಯಾಹ್ನ ಮರುಪ್ರಸಾರವಾಗುತ್ತದೆ. ಅದರಿಂದಲೇ ದನಿ ಹಿಡಿದಿಟ್ಟರಾಯಿತೆಂದು ಟಿ.ವಿ. ರಿಪೇರಿಯವನನ್ನು ಕರೆಸಿದೆ. ಸೆಟ್‌ಟಾಪ್ ಬಾಕ್ಸಿಗೆ ರೆಕಾರ್ಡರ್ ಸಿಕ್ಕಿಸಿದ್ದೇ ತಡ, ಪರದೆ ಕಪ್ಪಾಗಿ ‘ನಕಲು ನಿಷಿದ್ಧ’ ಎಂದು ಬಂತು.

“ನಾವು ಕಳ್ಳರು ಅನ್ಕೊಂಡಿದೆ ಮೇಡಂ, ಇದು ಬಿಡಲ್ಲ,” ಎಂದ.

ಟಿ.ವಿ. ಮುಂದೆ ಮೊಬೈಲ್ ಹಿಡಿದೂ ನೋಡಿದೆವು. ಫ್ಯಾನಿನ ಗರಗರವೂ ಸೇರಿಕೊಂಡ ಆ ದನಿ ಯಂತ್ರಕ್ಕೆ ಹಿಡಿಸಲಿಲ್ಲ. ಕೊನೆಗೆ ಧಾರಾವಾಹಿ ತಯಾರಿಸಿದ ಕಂಪನಿಗೆ ಫೋನ್ ಮಾಡಿದೆ.

“ಆ ದನಿ ಯಾರದು?”

“ಕಂಪನೀದು ಮೇಡಂ. ಒಪ್ಪಂದದಲ್ಲೇ ಇದೆ.”

“ಗಂಟಲು?”

“ಅದು ನಿಮ್ಮ ಅಕ್ಕಂದು.”

ಎಂಥ ನ್ಯಾಯವಾದ ಪಾಲು ನೋಡಿ! ದನಿ ಅವರಿಗೆ, ಕ್ಯಾನ್ಸರ್ ಇವಳಿಗೆ.

ಬೀಗ ತೆಗೆಯಲು ಪ್ರಾಧಿಕಾರದ ನಿಯಮ ಬಿಡುವುದಿಲ್ಲ ಎಂದು ಕಂಪನಿ ಹೇಳುತ್ತದೆ. ಕಂಪನಿ ಒಪ್ಪಿದರೆ ನಮ್ಮ ಅಭ್ಯಂತರವಿಲ್ಲ ಎಂದು ನೀವು ಹೇಳುತ್ತೀರಿ. ಆ ನಿಯಮದ ಕರಡು ಬರೆದ ಸಮಿತಿಯಲ್ಲಿ ಯಾರಿದ್ದರು? ಅದೇ ಕಂಪನಿಯ ವಕೀಲರು, ಅದರ ಪಾಲುದಾರರು, ಮತ್ತು ಅವರು ತೋರಿಸಿದಲ್ಲಿ ಸಹಿ ಹಾಕಲು ತಾವು. ಬೆಕ್ಕುಗಳನ್ನು ಕೂರಿಸಿಕೊಂಡು ಹಾಲಿನ ಕಾವಲಿಗೆ ನಿಯಮ ಮಾಡಿದಿರಿ. ಕಳ್ಳರ ಪಟ್ಟ ಮಾತ್ರ ಅಕ್ಕನಿಗೆ ಕಟ್ಟಿದಿರಿ. ನಿಮ್ಮ ಗಂಟಲೂ ಕಟ್ಟಿಹೋಗಲಿ ಎಂದು ಶಪಿಸಬೇಕೆನಿಸಿತು. ಅನಿಸಿದ್ದೇನು, ಶಪಿಸಿಯೇ ಬಿಟ್ಟೆ. ಪಶ್ಚಾತ್ತಾಪವೇನೂ ಇಲ್ಲ.

ನನ್ನ ಬೇಡಿಕೆ ಒಂದೇ. ಸ್ಟುಡಿಯೋದಲ್ಲಿರುವ ಅಕ್ಕನ ಮೂಲ ರೆಕಾರ್ಡಿಂಗ್ ಕೊಡುವಂತೆ ಕಂಪನಿಗೆ ಆದೇಶಿಸಿ. ನಿಮ್ಮ ಪ್ರಾಧಿಕಾರದ ಮುಂದಿನ ಸಾರ್ವಜನಿಕ ವಿಚಾರಣೆಗೆ ಮುಂಚೆ ಆ ಕೆಲಸ ಆಗಬೇಕು. ಆಗದಿದ್ದರೆ ಅಕ್ಕನೇ ವಿಚಾರಣೆಗೆ ಬರುತ್ತಾಳೆ. ಅಹವಾಲನ್ನು ಖುದ್ದಾಗಿ ಸ್ವಂತ ದನಿಯಲ್ಲೇ ಹೇಳಬೇಕು, ಪರವಾಗಿ ಯಾರೂ ಮಾತಾಡುವಂತಿಲ್ಲ ಎಂಬುದೂ ನಿಮ್ಮದೇ ನಿಯಮ. ಆಗಲಿ. ನೀವು ಅವಳನ್ನು ಕರೆಯಿರಿ, ಅವಳು ಮೈಕಿನ ಮುಂದೆ ಬಂದು ನಿಲ್ಲುತ್ತಾಳೆ. ಅವಳಿಗೆ ಕೊಟ್ಟ ಸಮಯ ಮುಗಿಯುವವರೆಗೆ ತಾವು ಅಲ್ಲಿಂದ ಏಳದೆ ಕೇಳಿಸಿಕೊಳ್ಳಬೇಕು. ಬೇಕಾದರೆ ಕಂಪನಿಯವರು ಅದನ್ನು ರೆಕಾರ್ಡ್ ಮಾಡಿಕೊಳ್ಳಲಿ, ನಮ್ಮ ಅಡ್ಡಿಯಿಲ್ಲ.

ಇಂತಿ,
ಸದ್ಯಕ್ಕೆ ಗಂಟಲು ನೆಟ್ಟಗಿರುವ ತಂಗಿ